ದೇವಿ ಹಾಕಾವನ ಮಗಳ ತೋಳು

ಹೊಸದಾಗಿ ಆರೋಗ್ಯ ಖಾತೆಗೆ ಸೇರಿದ ಮೂರು ಹುಡುಗ್ರು ಮೊನ್ನಿ ನಮ್ಮ ಮನಿಗೆ ಬಂದಿದ್ರು. ಚಾ ಕುಡಕೋತ ಒಬ್ಬಾಂವ ಕೇಳಿದ, "ಅಜ್ಜಾರ, ನಿಮ್ಮ ಕಾಲಕ್ಕ ಈ ನೌಕರಿ ಹೆಂಗಿತ್ರಿ?" ನಾ "ಚಲೋ ಇತ್ತಪಾ" ಅಂದುಬಿಟ್ಟೆ. ಅವ್ರು ನಮಸ್ಕಾರ ಮಾಡಿ ಹೋದ ಮ್ಯಾಲ ನನಗ ನಾಚಿಕಿ ಬಂತು. ಚಲೋ ಎಲ್ಲಿತ್ತು? ಬೈಸಿಕೊಂಡೀನಿ, ಮೈಮ್ಯಾಲ ನಾಯಿ ಬಿಡಿಸಿಕೊಂಡೀನಿ, ಸುಳ್ಳು ಹೇಳೀನಿ, ಅಂಜಿ ನಡುಗೀನಿ. ಅದೆಲ್ಲಾ ಮುಚ್ಚಿಟ್ಟು ಚಲೋ ಇತ್ತಂದ್ರ ಆ ಹುಡುಗ್ರಿಗೆ ಮೋಸ ಮಾಡಿದಂಗ. ಅದಕ್ಕ ಬರ್ಯಾಕ ಕುಂತೀನಿ. ನನಗ ಯಾವಾಗ ಬಡ್ತಿ ಆತು, ಯಾರು ಶಾಲು ಹೊಚ್ಚಿದ್ರು ಅನ್ನೂದನ್ನ ಮಾತ್ರ ಇದರೊಳಗ ಹುಡುಕಬ್ಯಾಡ್ರಿ.

ನಾ ದೇವಿ ಹಾಕಾಂವ. ಸಿಡುಬಿಗೆ ನಮ್ಮ ಕಡೆ ದೇವಿ ಅಂತಾರ, 'ಅವ್ವ ಬಂದಾಳ' ಅಂತಾರ. ಅದು ಬರಬಾರದಂತ ಕೂಸಿನ ತೋಳಿಗೆ ಔಷಧ ಚುಚ್ಚಾವನ ಹೆಸರೂ ಅದರ ಮ್ಯಾಲೇ ಬಿತ್ತು. ನಿಜಾಮರ ಆಳಿಕಿ ಇದ್ದಾಗ ಸೇರಿದೆ. ಮನಿ ಅಫಜಲಪುರದಾಗ, ತಿರುಗೂದು ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ. ಅರ್ಧ ಚಕ್ಕಡಿ, ಅರ್ಧ ಕಾಲು.

ಆಗಿನ ಸಾಮಾನು ಕೇಳಿದ್ರ ನೀವು ನಗ್ತೀರಿ. ಔಷಧ ಕೂದಲೆಳಿಯಂಥ ಗಾಜಿನ ನಳಿಗಿಯೊಳಗ ಬರ್ತಿತ್ತು. ಚುಚ್ಚಾಕ ಒಂದು ಉಕ್ಕಿನ ಕಡ್ಡಿ, ಅದರ ತುದಿಗೆ ಸಣ್ಣ ಸಣ್ಣ ಹಲ್ಲು. ತೋಳಿನ ಮ್ಯಾಲ ಔಷಧದ ಹನಿ ಇಟ್ಟು, ಆ ಹಲ್ಲು ಒತ್ತಿ ಗರ್‍ರ ಅಂತ ತಿರುವಬೇಕು. ಒಂದಲ್ಲ, ನಾಕು ಕಡೆ. ಕೂಸು ಚೀರಿದ್ದು ಊರ ಅಗಸಿತನ ಕೇಳ್ತಿತ್ತು. ಸ್ಪಿರಿಟ್ ದೀಪದಾಗ ಕಡ್ಡಿ ಕಾಯಿಸಿ, ಆರಿಸಿ, ಮತ್ತೊಂದು ಕೂಸು. ನನ್ನ ಕರೇ ಛತ್ರಿ ದೂರದಿಂದ ಕಂಡ್ರ ಸಾಕು, ತಾಯಂದ್ರು ಮಕ್ಕಳನ್ನ ಕಣಿಕಿ ಬಣವಿ ಹಿಂದ ಮುಚ್ಚಿಡ್ತಿದ್ರು. ಮಕ್ಕಳು ಊಟ ಮಾಡಲಿಲ್ಲಂದ್ರ "ನೋಡು, ದೇವಿ ಡಾಕ್ಟರನ್ನ ಕರೀತೀನಿ" ಅಂತ ಅಂಜಸ್ತಿದ್ರಂತ. ಗುಮ್ಮನ ಕೆಲಸ ನಂದು.

ಮೊದಲನೇ ವರ್ಷದ ನನ್ನ ದಡ್ಡತನ ಹೇಳತೇನಿ, ಕೇಳ್ರಿ. ಜೇವರ್ಗಿಯಿಂದ ನೆಲೋಗಿಗೆ ಹೊಂಟಿದ್ದೆ. ದಾರ್‍ಯಾಗ ಪರಿಚಯದವರು ಒಬ್ರು "ಬರ್ರಿ, ಬಿಸಿ ರೊಟ್ಟಿ ಪುಂಡಿಪಲ್ಯ ಅದ" ಅಂದ್ರು. ನಾ ಹೋದೆ. ಔಷಧದ ಡಬ್ಬಿ ಚಕ್ಕಡಿಯೊಳಗ ಬಿಸಿಲಿಗೆ ಕುಂತಿತ್ತು. ನಾ ಉಂಡು, ತಾಂಬೂಲ ಹಾಕ್ಕೊಂಡು ಬರೂದ್ರಾಗ ಔಷಧ ಸತ್ತಿತ್ತು. ಅದು ಸತ್ತದ್ದು ಕಣ್ಣಿಗೆ ಕಾಣಂಗಿಲ್ಲಲ್ಲ! ನೆಲೋಗ್ಯಾಗ ಒಂದು ಓಣಿಗೆ ಓಣಿನೇ ಚುಚ್ಚಿದೆ. ಎಂಟನೇ ದಿನಕ್ಕ ಹೋಗಿ ನೋಡಿದ್ರ ಒಂದು ಕೂಸಿನ ತೋಳಾಗೂ ಗುಳ್ಳಿ ಎದ್ದಿಲ್ಲ. ಗುಳ್ಳಿ ಎದ್ದು ಕೀವಾಗಿ ಹೊಟ್ಟುಗಟ್ಟಿದ್ರನೇ ಔಷಧ ಹತ್ತೇದಂತ ಅರ್ಥ. ಒಬ್ಬ ಮುದುಕಿ ಸೊಂಟದ ಮ್ಯಾಲ ಕೈ ಇಟ್ಕೊಂಡು, "ಏನೋ ತಮ್ಮಾ, ನಮ್ಮ ಕೂಸುಗಳನ್ನ ಸುಮ್ಮ ಅಳಸಾಕ ಸರಕಾರ ನಿನಗ ಕೆಲಸ ಕೊಟ್ಟದೇನು?" ಅಂದ್ಳು. ಅವತ್ತಿನಿಂದ ಹಸಿ ಉಸುಕು ತುಂಬಿದ ಗಡಿಗ್ಯಾಗ ಡಬ್ಬಿ ಇಟ್ಟು, ಆ ಗಡಿಗಿ ತೊಡಿಮ್ಯಾಲ ಇಟ್ಕೊಂಡೇ ಕುಂದ್ರತಿದ್ದೆ. ಊಟಕ್ಕ ಕುಂತ್ರೂ ಗಡಿಗಿ ಬಾಜೂಕನ.

ನಮ್ಮ ಇನ್ಸ್‌ಪೆಕ್ಟರ್ ಕರೀಂ ಸಾಹೇಬ್ರು. ಸಿಟ್ಟಿನ ಮನುಷ್ಯಾ, ಆದ್ರ ಮನಸು ಬೆಣ್ಣಿ. ಎಂಟನೇ ದಿನ ತಿರುಗಿ ಹೋಗದಾವನ್ನ ಅವ್ರು ಮಾಫ್ ಮಾಡ್ತಿರಲಿಲ್ಲ. "ಅರೇ ಸಿದ್ದಣ್ಣ, ಚುಚ್ಚಿ ಓಡಿ ಹೋಗೂದು ಚೇಳಿನ ಕೆಲಸ. ತಿರುಗಿ ಬಂದು ನೋಡೂದು ನಮ್ಮ ಕೆಲಸ" ಅಂತಿದ್ರು. ನನ್ನ ಮ್ಯಾಲ ಅವರಿಗೆ ಭಾಳ ಭರೋಸಾ. ಒಮ್ಮಿ ಆಳಂದ ಕಡೆ ಒಂದು ಊರಾಗ ಮಂದಿ ತಕರಾರು ಮಾಡಾಕತ್ತಾಗ, ನನ್ನ ಹೆಗಲ ಮ್ಯಾಲ ಕೈ ಹಾಕಿ, "ಇವನೂ ಮಕ್ಕಳೊಂದಿಗ. ಸ್ವಂತ ಮಗಳಿಗೆ ಹಾಕ್ಯಾನ, ಕೇಳ್ರಿ ಬೇಕಾದ್ರ" ಅಂದ್ರು. ಮಂದಿಯೆಲ್ಲಾ ನನ್ನ ಮುಖ ನೋಡಿದ್ರು. ನಾ ಗೋಣು ಹಾಕಿದೆ.

ಸುಳ್ಳು. ಹಾಕಿರಲಿಲ್ಲ.

ನನ್ನ ಮೊದಲಿನ ಎರಡು ಕೂಸು ವರ್ಷ ತುಂಬೂದ್ರಾಗ ಹೋಗಿದ್ವು. ಮೂರನೇದಾಕಿ ಅಂಬವ್ವ ಹುಟ್ಟಿದಾಗ ನಮ್ಮವ್ವ, ಸಿಡುಬಿನ ತಾಯಿ ಮರಗಮ್ಮಗ ಹರಕಿ ಕಟ್ಟಿದ್ಳು, 'ಏಳು ವರ್ಷ ತುಂಬೂತನ ಈ ಕೂಸಿನ ಮೈಗೆ ಕಬ್ಬಿಣ ತಾಗಸಂಗಿಲ್ಲ' ಅಂತ. ಮಗಳ ಕೈಗೆ ಅರಿಷಿಣದ ದಾರ. ಕಿವಿ ಚುಚ್ಚಿಸಿರಲಿಲ್ಲ, ಕೂದಲಿಗೆ ಕತ್ತರಿ ಇಲ್ಲ. ಉಗುರು ಬೆಳೆದ್ರ ನಮ್ಮವ್ವ ತನ್ನ ಹಲ್ಲೀಲೆ ಕಡಿದು ತಗೀತಿದ್ಳು, ಆ ಹಲ್ಲಾದ್ರೂ ಎಷ್ಟು ಉಳಿದಿದ್ವು ಪಾಪ! ಅಂಥಾ ಕೂಸಿಗೆ ನಾ ಉಕ್ಕಿನ ಕಡ್ಡಿ ಹೆಂಗ ಹಚ್ಚಲಿ?

ಮಂದಿ ಮುಂದ ನಾ ಹೇಳಿಕೊಳ್ಳದಿದ್ರೂ ನನ್ನ ಮನಸಿಗೆ ನಾ ಹಿಂಗ ಹೇಳ್ಕೊಂತಿದ್ದೆ: ಅವ್ವನ ಹರಕಿ, ನಂದೇನು ನಡೀತದ. ಖರೇ ಹೇಳಬೇಕಂದ್ರ ಅಂಜಿದಾಂವ ನಾನು. ಸಾವಿರ ಮಂದಿ ಮಕ್ಕಳಿಗೆ ಚುಚ್ಚಿದ ಕೈ, ಅಂಬವ್ವನ ತೋಳು ಕಂಡ್ರ ತಣ್ಣಗ ಆಗ್ತಿತ್ತು. ಏನಾದ್ರೂ ಆದ್ರ? ಇದೂ ಹೋದ್ರ? ಆಚಾರ ಹೇಳೂದು, ಬದನಿಕಾಯಿ ತಿನ್ನೂದು ಅಂತಾರಲ್ಲ, ಅದು ನಾನ. ಅವ್ವನ ಸೆರಗಿನ ಮರ್‍ಯಾಗ ನಿಂತು ಐದು ವರ್ಷ ಕಳದೆ.

ಆ ವರ್ಷ ಹೋಳಿ ಹುಣ್ಣಿಮಿ ಮುಗಿದು ಬಿಸಿಲು ಏರಾಕತ್ತಿತ್ತು. ಭೀಮಾ ದಂಡಿಮ್ಯಾಲಿನ ಒಂದು ಊರಿನಿಂದ ಒಬ್ಬ ಮುದುಕಿ ಮುಂಜಾನೆ ನಮ್ಮ ಮನಿ ಬಾಗಲಿಗೆ ಬಂದು ನಿಂತ್ಳು. ಊರಿನ ಹೆಸರು ಬ್ಯಾಡ. ಆಕಿ ಹೆಸರು ನಾಗವ್ವ, ಆ ಊರ ಮರಗಮ್ಮನ ಗುಡಿ ಪೂಜಾರಿ. ಮುಖದ ತುಂಬ ದೇವಿ ಕಲಿ, ಎಡಗಣ್ಣು ಹೋಗಿತ್ತು. ಸಣ್ಣಾಕಿದ್ದಾಗ ಬಂದ ದೇವಿ ಕಣ್ಣು ತಗೊಂಡು ಜೀವ ಬಿಟ್ಟು ಹೋಗಿದ್ಳಂತ. ಆ ಊರಿಗೆ ನಾ ಎರಡು ಸಲ ಹೋಗಿ, ಎರಡೂ ಸಲ ನಾಯಿ ಬೆನ್ನ ಹತ್ತಿಸಿಕೊಂಡು ಓಡಿ ಬಂದಿದ್ದೆ.

ಪಡಸಾಲ್ಯಾಗ ಕುಂತು ನೀರು ಕುಡಿದು ಅಂದ್ಳು, "ತಮ್ಮಾ, ಬಾಜೂ ಊರಾಗ ಅವ್ವ ಬಂದಾಳ. ಎರಡು ಕೂಸು ಹೋದ್ವು. ನಮ್ಮೂರಿಗೆ ಕಾಲಿಡೂದ್ರಾಗ ನೀ ಬಾ. ಗುಡಿ ಅಂಗಳದಾಗ ಕುಂದ್ರು, ಮಕ್ಕಳಿಗೆ ಹಾಕು. ಯಾರು ಏನಂತಾರ ನಾ ನೋಡ್ಕೋತೇನಿ. ಅವ್ವ ನಿನ್ನ ಕರದಾಳ."

ಪೂಜಾರಿನೇ ಬಂದು ಕರೀಲಿ ಅಂತ ಎಷ್ಟು ಸಲ ಬಯಸಿದ್ದೆ ನಾನು! ಈಗ ಬಂದು ಕರದ್ರ ನನ್ನ ಬಾಯಿಂದ ಬಂದದ್ದು ಏನು ಗೊತ್ತದ?

"ಯವ್ವಾ, ಈ ಸಲದ ದೌರಾ ಜೇವರ್ಗಿ ಕಡೆ ಅದ. ಹುಕುಂ ಇಲ್ಲದ ಬರಾಕ ಬರಂಗಿಲ್ಲ."

"ಹುಕುಂ ಆಕೀದು ಸಾಲಂಗಿಲ್ಲೇನು?"

"ಬಿಸಿಲು ನೋಡು. ಬಿಸಿಲಾಗ ಔಷಧ ಕೆಡತದ."

"ನಿನ್ನ ಗಡಿಗಿ ವಿಷಯ ನಮ್ಮೂರಿಗೂ ಗೊತ್ತದ. ಮುಂಜಾನೆದ್ದು ನಡಿ."

"ಔಷಧನೂ ಒಂದೀಟೇ ಉಳದದ."

"ಇದ್ದಷ್ಟು ಹಾಕು. ಮುಗಿದ ಮ್ಯಾಲ ತರಸು."

"ನಾಕು ಮಂದಿ ಮುಂದ ತಿಳಿಸಿ ಹೇಳಬೇಕಂದ್ರ ನನ್ನ ನಾಲಿಗಿ ಎಡವತದ ಯವ್ವಾ."

"ನೀ ಚುಚ್ಚೂದು ನಾಲಿಗೀಲೇನೋ?"

ಒಳಗ ನನ್ನ ಹೇಣ್ತಿ ನೀಲಮ್ಮ ಕಿಸಕ್ಕನೆ ನಕ್ಕದ್ದು ಕೇಳ್ತು. ನನಗ ಸಿಟ್ಟು ಬಂತು. "ಆಳಂದದಾಗ ನನಕಿಂತ ಹುಷಾರಿ ಒಬ್ಬಾಂವ ಇದ್ದಾನ. ಅವನ್ನ ಕಳಸ್ತೇನಿ, ಹೋಗು" ಅಂದೆ.

ನಾಗವ್ವ ಒಂದೇ ಕಣ್ಣೀಲೆ ನನ್ನ ನೋಡಿದ್ಳು. ಅಂಬವ್ವ ಅಲ್ಲೇ ಗಜ್ಜುಗ ಆಡಾಕತ್ತಿದ್ಳು. "ಬಾರ ನಮ್ಮವ್ವ" ಅಂತ ಕರದು, ತೊಡಿಮ್ಯಾಲ ಕುಂದ್ರಿಸಿಕೊಂಡು, ಕುಬಸದ ತೋಳು ಮ್ಯಾಲ ಸರಿಸಿದ್ಳು. ಮತ್ತೊಂದು ತೋಳೂ ಸರಿಸಿದ್ಳು. ಎರಡೂ ಕಡೆ ಒಂದು ಚುಕ್ಕಿ ಇಲ್ಲ.

"ಈಕಿ ತೋಳು ಬರಿದದ ಅಲ್ಲೋ ತಮ್ಮಾ," ಅಂದ್ಳು. ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಭೂಮಿ ಬಾಯಿ ತೆರೆದ್ರ ಒಳಗ ಹೋಗ್ತಿದ್ದೆ ನಾನು.

ನಮ್ಮವ್ವ ಒಳಗಿಂದ ಓಡಿ ಬಂದ್ಳು. "ಹರಕಿ ಅದ ಆ ಕೂಸಿಂದು! ಕಬ್ಬಿಣ ತಾಗಸಂಗಿಲ್ಲ!" ಅಂತ ಅಂಬವ್ವನ್ನ ಕಸಗೊಂಡ್ಳು.

"ಯಾರಿಗೆ ಕಟ್ಟೀಯವ್ವಾ ಹರಕಿ?"

"ಮರಗಮ್ಮಗ."

"ಮತ್ತ ಆಕಿ ಪೂಜಾರಿನೇ ಬಂದೀನಿ. ಆಕಿ ಮುಂದ ಕಟ್ಟಿದ್ದು ಆಕಿ ಮುಂದ ಬಿಚ್ಚಬೇಕು. ನಾಳೆ ಕೂಸಿನ್ನ ಕರಕೊಂಡು ಬಾ. ಮೊದಲು ಈಕಿ ತೋಳಿಗೆ, ಆಮ್ಯಾಗ ಊರ ಮಕ್ಕಳಿಗೆ." ನಾಗವ್ವ ಎದ್ದು, ಹೊಸ್ತಿಲ ದಾಟುಮುಂದ ನನ್ನ ಕಡೆ ತಿರುಗಿದ್ಳು. "ಆಳಂದದಾವನ್ನ ಕರದಿಲ್ಲ ಆಕಿ. ನಿನ್ನ ಕರದಾಳ."

ಅವತ್ತೆಲ್ಲಾ ನಾ ಮತ್ತ ಹೊಸ ನೆವ ಹುಡುಕಾಕತ್ತಿದ್ದೆ. ಚಕ್ಕಡಿ ಸಿಗಂಗಿಲ್ಲ ಅನ್ನಲೇನು, ಜ್ವರ ಬಂದಾವ ಅನ್ನಲೇನು ಅಂತ. ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದಂಗ. ದೀಪ ಹಚ್ಚೋ ಹೊತ್ತಿಗೆ ನೀಲಮ್ಮ ಹೊರಗ ಬಂದು ಅಂದ್ಳು, "ನೋಡ್ರಿ, ಎರಡು ಕೂಸು ನಾವು ಏನೂ ಮಾಡದನ ಕಳಕೊಂಡ್ವಿ. ಇದಕ್ಕರ ಏನರ ಮಾಡೂಣ್ರಿ." ನಾ ಆಕಿ ಮುಖ ನೋಡಿದೆ. ಐದು ವರ್ಷ ಆಕಿನ್ನ ಒಂದು ಸಲನೂ ಕೇಳಿರಲಿಲ್ಲ ನಾನು.

ಮರುದಿನ ಮುಂಜಾನೆ ಚಕ್ಕಡಿ ಹೂಡಿದ್ವಿ. ನೀಲಮ್ಮ ಅಂಬವ್ವನ್ನ ತಗೊಂಡು ಕುಂತ್ಳು, ಗಡಿಗಿ ನನ್ನ ತೊಡಿಮ್ಯಾಲ. ಹೊಂಡೂದ್ರಾಗ ನಮ್ಮವ್ವ ಗಂಟು ಹಿಡಕೊಂಡು ಬಂದು, ಯಾರ ಮುಖಾನೂ ನೋಡದ, ಹಿಂದ ಏರಿ ಕುಂತ್ಳು.

ಗುಡಿ ಅಂಗಳದಾಗ ಊರಿಗೆ ಊರೇ ಸೇರಿತ್ತು. ಹೆಣ್ಮಕ್ಕಳು ಕೂಸುಗಳನ್ನ ಸೆರಗಿನಾಗ ಮುಚ್ಚಿಕೊಂಡು ದೂರ ನಿಂತಿದ್ರು. ನಾ ಸ್ಪಿರಿಟ್ ದೀಪ ಹೊರಗ ತಗದೆ. ಆಗ ಊರ ಹಿರಿಯಾಂವ ಒಬ್ಬ ತಕರಾರು ತಗದ. ಕಡ್ಡಿ ಮೊದಲು ದೇವಿ ಪಾದಕ್ಕ ಮುಟ್ಟಸಬೇಕು, ಕುಂಕುಮ ಭಂಡಾರ ಹಚ್ಚಬೇಕು, ಇಲ್ಲಂದ್ರ ಬ್ಯಾಡ ಅಂದ. ನನಗ ಪೇಚಾಟ. ಕುಂಕುಮ ಹಚ್ಚಿದ ಕಡ್ಡೀಲೆ ಚುಚ್ಚಿದ್ರ ತೋಳು ನಂಜಾಗದ ಇರಂಗಿಲ್ಲ. ಹಚ್ಚಂಗಿಲ್ಲಂದ್ರ ಮಂದಿ ಎದ್ದು ಹೋಗ್ತದ. ನಾ ನಾಗವ್ವಗ ಮೆಲ್ಲಕ ಹೇಳಿದೆ, "ಬೆಂಕಿಯೊಂದು ಬಿಟ್ಟು ಏನೂ ತಾಗಬಾರದು ಯವ್ವಾ ಇದಕ್ಕ."

ಆಕಿ ಒಳಗ ಹೋಗಿ ಮರಗಮ್ಮನ ಮುಂದಿನ ದೀಪ ತಂದು ನನ್ನ ಮುಂದ ಇಟ್ಳು. "ಇದರಾಗ ಕಾಯಿಸು. ಇದಕಿಂತ ಆಕಿ ಪಾದ ಯಾವುದದ?"

ನಮ್ಮ ರೂಲ್ಸ್ ಪುಸ್ತಕದಾಗ ಗುಡಿ ದೀಪದ ಮಾತಿಲ್ಲ. ಕಾಯಿಸಿದೆ. ಮಸಿ ಹತ್ತಿದ್ದನ್ನ ಸ್ಪಿರಿಟಿನ ಹತ್ತೀಲೆ ಒರಸಿ, ಮತ್ತ ನನ್ನ ದೀಪದಾಗೂ ಒಮ್ಮಿ ತೋರಿಸಿದೆ. ಆ ಹಿರಿಯಾಂವ ಗೋಣು ಹಾಕಿದ.

ನಮ್ಮವ್ವ ದೇವಿ ಮುಂದ ಕುಂತು ಅಂಬವ್ವನ ಕೈಯಾಗಿನ ದಾರ ಬಿಚ್ಚಿದ್ಳು. ಐದು ವರ್ಷದ ಗಂಟು, ಬಿಚ್ಚವಲ್ಲದು. ಕಡೀಕ ಹಲ್ಲೀಲೇ ಕಡದ್ಳು. ಅಳಕೋತ, "ತಗೋ ತಾಯಿ, ಇನ್ನ ನೀನೇ ಕಾಯಿ" ಅಂದು ದಾರ ಪಾದಕ್ಕಿಟ್ಟು, ಕೂಸಿನ್ನ ತನ್ನ ತೊಡಿಮ್ಯಾಲನೇ ಕುಂದ್ರಿಸಿಕೊಂಡ್ಳು.

ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರ. ಇಲ್ಲಿ ದೇವರೂ ಕೊಟ್ಟಿದ್ಳು, ಪೂಜಾರಿನೂ ಕೊಟ್ಟಿದ್ಳು. ತಗೊಳ್ಳಾವನ ಕೈ ನಡುಗಾಕತ್ತಿತ್ತು. ಹನಿ ಇಡಬೇಕಂದ್ರ ಹನಿ ನಿಂದರವಲ್ಲದು. ಅಂಬವ್ವ ನನ್ನ ಕೈನ ನೋಡಿ, "ಅಪ್ಪಾ, ನಿನಗ ಛಳಿ ಹತ್ತೇದೇನು?" ಅಂದ್ಳು. ಮಂದಿ ನಕ್ಕರು. ನಾನೂ ನಕ್ಕೆ. ಆ ನಗುವಿನಾಗ ಕೈ ನಿಂತಿತು. ನಾಕೂ ಚುಚ್ಚಿದೆ. ಆಕಿ ಚೀರಿದ್ದು ಹೊಳಿ ಆಚೆ ದಂಡಿಗೆ ಕೇಳಿರಬೇಕು.

ಎರಡನೇ ಕೂಸು ನಾಗವ್ವನ ಮೊಮ್ಮಗ. ಮೂರನೇದು, ನಾಕನೇದು ಆಕಿ ಬೀಗರ ಮನೀವು. ಅಲ್ಲಿಗೆ ನಿಂತಿತು. ಉಳಿದವ್ರು, "ಎಂಟು ದಿನ ನೋಡ್ತೇವ್ರಿ. ನಿಮ್ಮ ಮಗಳು ಆರಾಮ ಇದ್ರ ನಾವೂ ಹಾಕಿಸ್ತೇವಿ" ಅಂದ್ರು. ತಪ್ಪೇನದ ಅವ್ರದ? ಐದು ವರ್ಷ ನಾನೂ ನೋಡಿದಾಂವನ ಅಲ್ಲ!

ಅವತ್ತೇ ಕರೀಂ ಸಾಹೇಬ್ರಿಗೆ ಒಂದು ಕಾಗದ ಬರದು ಊರ ತಳವಾರನ ಕೈಯಾಗ ಕಳಿಸಿದೆ. ಔಷಧ ಬೇಕಂತ ಒಂದೇ ಸಾಲು. ಉಳಿದದ್ದೆಲ್ಲಾ 'ನಾ ನಿಮಗೂ ಮಂದಿಗೂ ಸುಳ್ಳು ಹೇಳೀನಿ' ಅನ್ನೂದು.

ಎಂಟು ದಿನ ಗುಡಿ ಪಡಸಾಲ್ಯಾಗನೇ ಇದ್ವಿ. ಐದನೇ ದಿನ ಅಂಬವ್ವನ ಮೈ ಸುಡಾಕತ್ತಿತು. ನನಗ ಗೊತ್ತಿತ್ತು, ಅದು ಆಗೂದೇ. ನೂರು ಮಂದಿ ತಾಯಂದ್ರಿಗೆ "ಫಿಕೀರ ಮಾಡಬ್ಯಾಡ್ರಿ, ಜ್ವರ ಬಂದ್ರ ಚಲೋ" ಅಂತ ಹೇಳಿದಾಂವ ನಾನು. ತಂದಿಯಾಗಿ ಕುಂತಾಗ ಆ ಮಾತು ಒಂದು ಕವಡಿಗೂ ಉಪಯೋಗ ಆಗಲಿಲ್ಲ. ಏಳನೇ ದಿನ ತೋಳು ಬಾತು ಕೆಂಪಗ ಆತು. ನೀಲಮ್ಮ ಬೇವಿನ ತೊಪ್ಪಲೀಲೆ ಗಾಳಿ ಹಾಕಾಕತ್ತಿದ್ಳು. ನಮ್ಮವ್ವ ದೇವಿ ಮುಂದಿನಿಂದ ಏಳಲಿಲ್ಲ, ಉಣ್ಣಲಿಲ್ಲ. ನೀರಿಗೆ ಹೋಗೋ ಹೆಣ್ಮಕ್ಕಳು ಕೊಡ ಹೊತ್ತು ನಿಂತು ಆಕಿ ತೋಳು ನೋಡಿ ಹೋಗ್ತಿದ್ರು. ನಾ ಮರಗಮ್ಮನ ಕಡೆ ನೋಡಿ, 'ನಿನ್ನ ನಂಬಿ ಬಂದೀನಿ ತಾಯಿ, ನಗೆಪಾಟಲು ಮಾಡಬ್ಯಾಡ' ಅಂದೆ. ಅದು ಬಿಟ್ಟು ಬ್ಯಾರೆ ಮಂತ್ರ ನನಗ ಬರಂಗಿಲ್ಲ.

ಎಂಟನೇ ದಿನ ಮುಂಜಾನೆ ಎಚ್ಚರಾದಾಗ ಬಾಜೂಕ ಅಂಬವ್ವ ಇರಲಿಲ್ಲ. ಎದ್ದು ನೋಡಿದ್ರ ಅಂಗಳದಾಗ ನಾಗವ್ವನ ಮೊಮ್ಮಗನ ಕೂಡ ಜಗಳಾಡಾಕತ್ತಾಳ, ಗಜ್ಜುಗದ ಸಲುವಾಗಿ! ಮೈ ತಣ್ಣಗ. ತೋಳಿನ ಮ್ಯಾಲ ನಾಕೂ ಗುಳ್ಳಿ ಮುತ್ತಿನಂಗ ತುಂಬಿ ನಿಂತಿದ್ವು. ನಾ ಅಲ್ಲೇ ಕಟ್ಟಿಮ್ಯಾಲ ಕುಸಿದು ಕುಂತು ಸಣ್ಣ ಹುಡುಗನಂಗ ಅತ್ತೆ. ನಾಚಿಕಿ ಆಗಲಿಲ್ಲ.

ಬಿಸಿಲೇರೂದ್ರಾಗ ಅಂಗಳದಾಗ ಸಾಲು. ಬಾಗಲಿಂದ ಹೊರಗ, ಬೇವಿನ ಗಿಡದತನ. ನಮ್ಮವ್ವ ಮೊಮ್ಮಗಳನ್ನ ಎತ್ತಿಕೊಂಡು ಸಾಲಿನುದ್ದಕ್ಕೂ ತೋಳು ತೋರಿಸಿಕೋತ ಹೊಂಟಿದ್ಳು, ತಾನೇ ಚುಚ್ಚಿದಂಗ! ಅಷ್ಟರಾಗ ಕುದುರಿಮ್ಯಾಲ ಕರೀಂ ಸಾಹೇಬ್ರು ಬಂದ್ರು, ತೊಡಿಮ್ಯಾಲ ಒಂದು ಗಡಿಗಿ ಹಿಡಕೊಂಡು. ಇಳಿದು ನನ್ನ ಕಡೆ ನೋಡಲೂ ಇಲ್ಲ, ಸೀದಾ ಅಂಬವ್ವನ ತೋಳು ನೋಡಿದ್ರು. ನಾಕೂ ಎಣಿಸಿದ್ರು. "ಕಾಗದ ಓದಿ ನಿನ್ನ ನೌಕರಿ ತಗೀಬೇಕಂತ ಹೊಂಟಿದ್ದೆ ಸಿದ್ದಣ್ಣ," ಅಂದ್ರು. "ಈ ಸಾಲು ನೋಡಿದ ಮ್ಯಾಲ ಹೆಂಗ ತಗೀಲಿ? ನಡಿ, ನಾನೂ ಕೂಡ್ತೇನಿ. ಒಬ್ಬಾವನಿಂದ ಮುಗಿಯಂಗಿಲ್ಲ ಇದು." ಅವತ್ತು ಸಾಹೇಬ್ರು ತಾವೇ ಕೋಟು ಬಿಚ್ಚಿಟ್ಟು ಮಕ್ಕಳಿಗೆ ಚುಚ್ಚಿದ್ರು.

ದೇವಿ ಆ ಊರಿಗೂ ಬಂದ್ಳು. ಹೊಲದಾಗಿನ ಒಂದು ಮನಿಯವ್ರು ಹಾಕಿಸಿರಲಿಲ್ಲ. ಆ ಮನಿ ವಿಷಯ ನೆನಸಿದ್ರ ಈಗೂ ಸಂಕಟ ಆಗ್ತದ, ನಾ ಮೊದಲೇ ಮಗಳಿಗೆ ಹಾಕಿ ತೋಳು ತೋರಿಸಿದ್ರ ಅವ್ರೂ ಹಾಕಿಸ್ತಿದ್ರೇನೋ ಅಂತ. ಉಳಿದ ಊರಾಗ ಒಂದು ಕೂಸಿನ ಕೂದಲೂ ಕೊಂಕಲಿಲ್ಲ.

ಮುಂದಿನ ನಾಕೈದು ವರ್ಷ ಗೊಬ್ಬೂರಿಗೆ, ಹವಳಗಾಕ್ಕ, ಎಲ್ಲಿ ಮಂದಿ ಅಂಜತಾರ ಅಲ್ಲಿಗೆ ಅಂಬವ್ವನ್ನ ಕರಕೊಂಡು ಹೋಗ್ತಿದ್ದೆ. ನಾ ಬಾಯಿ ತಗಿಯೂದ್ರಾಗ ಆಕಿ ಕುಬಸದ ತೋಳು ಮ್ಯಾಲ ಸರಿಸಿ ನಿಂದರ್‍ತಿದ್ಳು. ನನ್ನ ಎಡವೋ ನಾಲಿಗಿಗೆ ಕೆಲಸನೇ ಉಳೀಲಿಲ್ಲ. ಆಮ್ಯಾಗ ಎರಡು ಮುಳ್ಳಿನ ಸೂಜಿ ಬಂತು, ಬಿಸಿಲಿಗೆ ಕೆಡದ ಪುಡಿ ಔಷಧ ಬಂತು, ಉಸುಕಿನ ಗಡಿಗಿ ಮೂಲಿಗೆ ಬಿತ್ತು. ಈಗ ಆ ಬ್ಯಾನಿನೇ ಇಲ್ಲ. ನಿಮಗ ಬ್ಯಾರೆ ಬ್ಯಾನಿ ಅವ, ಬ್ಯಾರೆ ಔಷಧ ಅವ. ಅಂಜಿಕಿ ಮಾತ್ರ ಅದೇ, ಮಂದೀದೂ ನಿಮ್ಮದೂ.

ಒಂದು ಮಾತು ನನ್ನ ತಲ್ಯಾಗ ಭಾಳ ವರ್ಷ ಕೊರೀತಿತ್ತು. ಅವತ್ತು ನಾಗವ್ವಗ ಅಂಬವ್ವನ ತೋಳು ಬರಿದಿದ್ದದ್ದು ಹೆಂಗ ಗೊತ್ತಾತು? ಮನಿಯವರನ್ನ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಮರಗಮ್ಮನೇ ಆಕಿ ಕಿವ್ಯಾಗ ಹೇಳ್ಯಾಳಂತ ನಾ ನಂಬಿದ್ದೆ, ಕಂಡಕಂಡವರ ಮುಂದ ಹೇಳಿಯೂ ಹೇಳಿದ್ದೆ. ಆಕಿ ಹಾಸಿಗಿ ಹಿಡದಾಗ ನೋಡಾಕ ಹೋದಾವ ಕೇಳೇಬಿಟ್ಟೆ.

ನಾಗವ್ವ ಬೊಚ್ಚು ಬಾಯೀಲೆ ನಕ್ಕಳು. "ಯಾರು ಹೇಳ್ತಾರೋ? ನೀನ ಹೇಳಿದಿ. ಖರೇನ ತೊಂದ್ರಿ ಇದ್ದಾಂವ ಒಂದು ನೆವ ಹೇಳ್ತಾನ. ನೀ ಐದು ಹೇಳಿದಿ. ಐದು ಹೇಳಾಂವ ಮನ್ಯಾಗ ಏನೋ ಮುಚ್ಚಿಟ್ಟಿರ್‍ತಾನ ಅಂತ ತೋಳು ಸರಿಸಿ ನೋಡಿದೆ, ಅಷ್ಟ."

ನನಗ ಪೆಚ್ಚಾತು. "ಹಂಗಾದ್ರ ಅವ್ವ ಏನೂ ಹೇಳಿರಲಿಲ್ಲೇನು?"

ಆಕಿ ಇದ್ದ ಒಂದು ಕಣ್ಣು ತಗದು ನನ್ನ ನೋಡಿದ್ಳು.

"ಹಿಂಗಲ್ಲದ ಆಕಿ ಮತ್ತ ಹೆಂಗ ಹೇಳ್ತಾಳೋ ಹುಚ್ಚಾ?"